ಜಪದ ಬಾವಿಗೆ ಅತ್ತೆಯವರ ಹರಕೆ

ನಮ್ಮ ಊರು ಕೊರ್ಲಹಳ್ಳಿ. ಮುಂಡರಗಿ ತಾಲೂಕಿನ ಕಟ್ಟಕಡೆಯ ಊರು ಅಂದರೂ ನಡೆದೀತು. ಊರ ಮಗ್ಗಲಿಗೇ ತುಂಗಭದ್ರೆ ಹರಿಯುತ್ತಾಳೆ, ಸೇತುವೆ ದಾಟಿದರೆ ಹಡಗಲಿ ತಾಲೂಕು. ಇಂಥ ಹೊಳೆಯ ದಂಡೆಯ ಮೇಲೆ ಬಾಳುವೆ ಮಾಡುವವರು ಪುಣ್ಯದ ನೀರು ಹುಡುಕಿಕೊಂಡು ಪರಊರಿನ ಬಾವಿಗೆ ಹೋಗುತ್ತೇವೆಂದರೆ ನಗುವವರು ನಗುತ್ತಾರೆ. ನಮ್ಮ ಮನೆಯವರು ಅಂದದ್ದೂ ಅದನ್ನೇ. "ಮನಿ ಮುಂದ ಗಂಗವ್ವ ಹರಿಯಾಕತ್ತಾಳ, ನೀವು ಬುತ್ತಿ ಕಟಗೊಂಡು ಡಂಬಳದ ಬಾವಿಗೆ ಹೊಂಟೀರಿ!" ಆದರೆ ಹರಕೆ ಹೊತ್ತವರು ಅವರ ತಾಯಿಯೇ ಆದ್ದರಿಂದ ಮಾತು ಅಲ್ಲಿಗೇ ನಿಂತಿತು.

ಹರಕೆ ಯಾಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮುಚ್ಚಿಟ್ಟರೆ ಮುಂದಿನದು ತಿಳಿಯುವುದಿಲ್ಲ. ನನ್ನ ಮಗಳಿಗೆ ಈಗ ಹತ್ತೊಂಬತ್ತು, ಬಿ.ಎಸ್‌ಸಿ. ಎರಡನೆಯ ವರ್ಷ. ಎರಡು ವರ್ಷದ ಹಿಂದೆ ಅವಳ ಬಲಗೈ ಬೆರಳ ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಕಲೆ ಕಾಣಿಸಿತು. ಸುಣ್ಣ ತಾಗಿರಬೇಕೆಂದು ಉಜ್ಜಿ ತೊಳೆದೆ. ಸುಣ್ಣವಾಗಿರಲಿಲ್ಲ. ಮೂರು ತಿಂಗಳಲ್ಲಿ ನಾಲ್ಕು ಬೆರಳಿಗೂ ಬಂತು, ಆಮೇಲೆ ತುಟಿಯ ಮಗ್ಗಲಿಗೆ. ತೊನ್ನು ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಓಣಿಯವರು ಅಂದರು. ಹೋದ ಮಾಘದಲ್ಲಿ ಒಂದು ಒಳ್ಳೇ ಸಂಬಂಧ ಬಂದಿತ್ತು. ಬಂದವರು ಚಹಾ ಕುಡಿದರು, ಅವಲಕ್ಕಿ ತಿಂದರು, ಅವಳು ಕಪ್ಪು ಹಿಡಿದ ಕೈಯನ್ನೇ ನೋಡಿದರು, "ವಿಚಾರ ಮಾಡಿ ಹೇಳ್ತೀವ್ರಿ" ಅಂದು ಎದ್ದರು. ಆ ವಿಚಾರ ಇನ್ನೂ ಮುಗಿದಿಲ್ಲ.

ಆಮೇಲೆ ನಾನು ಮಾಡಿದ್ದು ತಪ್ಪು. ಸೋದರಿಯರೇ, ನಿಮ್ಮಲ್ಲಿ ಯಾರಾದರೂ ಇದೇ ದಾರಿ ಹಿಡಿದಿದ್ದರೆ ನಿಲ್ಲಿಸಲೆಂದೇ ಬರೆಯುತ್ತಿದ್ದೇನೆ. ಸಂತೆಯಲ್ಲಿ ಬೇರು-ಕಡ್ಡಿ ಮಾರುವ ಮುದುಕಿಯೊಬ್ಬಳು ಬಾವಂಚಿ ಬೀಜ ಕೊಟ್ಟಳು. ಗೋಮೂತ್ರದಲ್ಲಿ ನೆನೆಹಾಕಿ, ಅರೆದು, ಹಚ್ಚಿ ಬಿಸಿಲಿಗೆ ಕೂಡ್ರಿಸು ಅಂದಳು. ಚೈತ್ರದ ಬಿಸಿಲು, ಅದೂ ನಮ್ಮ ಕಡೆಯದು! ಮಗಳು ಬೇಡ ಬೇಡ ಅಂದರೂ ಹಚ್ಚಿ ಮಾಳಿಗೆ ಮೇಲೆ ಅರ್ಧ ತಾಸು ಕೂಡ್ರಿಸಿದೆ. ಮರುದಿನ ಬೆರಳ ಮೇಲೆಲ್ಲ ಬೊಕ್ಕೆ ಎದ್ದವು, ಸುಟ್ಟ ಬೊಕ್ಕೆಗಳ ಹಾಗೆ. ಗದಗಿಗೆ ಓಡಿದೆವು.

ಚರ್ಮದ ಡಾಕ್ಟರಬಾಯಿ ಬೈದರು, ಆದರೆ ತಿಳಿಸಿಯೂ ಹೇಳಿದರು. ಬಾವಂಚಿ ಸುಳ್ಳು ಔಷಧವಲ್ಲವಂತೆ. ಅದರೊಳಗಿನ ಸೊರಾಲಿನ್ ಎಂಬ ಅಂಶವನ್ನೇ ದವಾಖಾನೆಗಳಲ್ಲಿ ಅಳತೆ ಮಾಡಿ ಕೊಟ್ಟು, ಲೆಕ್ಕದ ಬೆಳಕಿನಲ್ಲಿ ನಿಲ್ಲಿಸಿ ಈ ಕಲೆಗೆ ಉಪಚಾರ ಮಾಡುವ ಪದ್ಧತಿ ಇದೆಯಂತೆ. ಅಳತೆ ತಪ್ಪಿದರೆ ಮಾತ್ರ ಮೈ ಸುಡುತ್ತದೆ. "ನಿಮ್ಮ ಹಿರ್ಯಾರಿಗೆ ಔಷಧ ಗೊತ್ತಿತ್ತು, ನಿಮಗ ಅಳತಿ ಗೊತ್ತಿಲ್ಲ" ಅಂದರು. ಈ ಕಲೆ ಕುಷ್ಠವಲ್ಲ, ಮುಟ್ಟಿದರೆ ಹತ್ತುವುದಿಲ್ಲ, ಎಂಜಲಿನಿಂದ ಬರುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ಮೈಯೊಳಗಿನ ಕಾವಲಿನ ಶಕ್ತಿಯೇ ವೈರಿಗಳೆಂದು ತಿಳಿದು ಕೊಲ್ಲುವುದರಿಂದ ಬರುವಂಥದು. ಮುಲಾಮು ಬರೆದುಕೊಟ್ಟರು, ಬೆಳಕಿನ ಉಪಚಾರಕ್ಕೆ ದಿನ ಹೇಳಿದರು. ಮುಖದ ಕಲೆ ಬೇಗ ತುಂಬುತ್ತದೆ, ಬೆರಳಿನದು ಹಟಮಾರಿ, ತಾಳ್ಮೆ ಬೇಕು ಅಂದರು.

ಮಗಳು ನನ್ನ ಸಂಗಡ ಹದಿನೈದು ದಿನ ಮಾತಾಡಲಿಲ್ಲ.

ಅತ್ತೆಯವರು ಹರಕೆಯ ಮಾತು ತೆಗೆದದ್ದು ಆ ಹದಿನೈದು ದಿನದೊಳಗೆ. ಅವರಿಗೆ ಈಗ ಎಪ್ಪತ್ತಾರು. ತವರುಮನೆ ಡಂಬಳದ ಸಮೀಪದ ಒಂದು ಹಳ್ಳಿ. ಮೈಮೇಲೆ ಏನೇ ಎದ್ದರೂ, ನರಹುಲಿ, ಸರ್ಪಸುತ್ತು, ಕಜ್ಜಿ, ಹುಣ್ಣು, ಅವರ ತವರಿನ ಹೆಣ್ಣುಮಕ್ಕಳು ಡಂಬಳದ ಜಪದ ಬಾವಿಗೆ ಐದು ಸೋಮವಾರ ಬೇಡಿಕೊಳ್ಳುತ್ತಿದ್ದರಂತೆ. ಗಂಗವ್ವನ ಪೂಜೆ ಮಾಡಿ, ಉಪ್ಪು-ಬೆಲ್ಲ ನೀರಿಗೆ ಬಿಟ್ಟು, ಆ ನೀರಿನಿಂದ ಬ್ಯಾನಿ ಇದ್ದಲ್ಲಿ ತೊಳೆಯುವುದು. "ನೀ ಸುಡಿಸಿದಿ. ನಾ ತಂಪ ಮಾಡಿಸ್ತೀನಿ" ಅಂದರು ಅತ್ತೆ. ನನಗೆ ಎದುರು ಮಾತಾಡುವ ಬಾಯಿ ಎಲ್ಲಿತ್ತು? ಮಗಳೇ ಅಂದಳು: "ನಡೀ ಆಯಿ, ಹೋಗೂಣು. ಮುಲಾಮು ಹಚ್ಚೂದು ಮಾತ್ರ ಬಿಡಂಗಿಲ್ಲ." ಅಜ್ಜಿ ಮೊಮ್ಮಗಳ ಒಪ್ಪಂದ ಹಾಗೆ ಆಯಿತು.

ಶ್ರಾವಣದ ಮೊದಲನೇ ಸೋಮವಾರ ನಸುಕಿನಲ್ಲೇ ಎದ್ದೆ. ಬುತ್ತಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಜೊತೆಗೆ ಗಂಗವ್ವನ ಎಡೆಗೆ ಒಂದಿಷ್ಟು ಮಾದಲಿ. (ದೂರದ ಪ್ರಯಾಣಕ್ಕೆ ರೊಟ್ಟಿ ಒಯ್ಯುವವರು ಬಿಸಿ ಇದ್ದಾಗಲೇ ಡಬ್ಬಿಗೆ ತುಂಬಬಾರದು, ಬೆವೆತು ಹಸಿಯಾಗುತ್ತವೆ. ಆರಿಸಿ, ಒಣ ಅರಿವೆಯಲ್ಲಿ ಸುತ್ತಿ ಆಮೇಲೆ ಇಡಬೇಕು. ಬದನೆಕಾಯಿಗೆ ಹುಣಸೆಹುಳಿ ತುಸು ಮುಂದಾಗಿ ಬಿದ್ದರೆ ಸಂಜೆಯವರೆಗೂ ಕೆಡುವುದಿಲ್ಲ.)

ಮುಂಡರಗಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಗದಗಿನ ಬಸ್ಸು ಹಿಡಿದರೆ ಡಂಬಳ ದಾರಿಯಲ್ಲೇ ಸಿಗುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾದಾ ಬಸ್ಸು ಪುಕ್ಕಟೆ ಆದ ಮೇಲೆ ಸೋಮವಾರದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಧಾರ ಕಾರ್ಡು ಮರೆತು ಬಂದಿದ್ದ ಒಬ್ಬಾಕೆ ಕಂಡಕ್ಟರನ ಸಂಗಡ ಮುಂಡರಗಿಯತನಕ ವಾದ ಮಾಡಿದಳು. ಅತ್ತೆಯವರಿಗೆ ಒಬ್ಬ ಕಾಲೇಜು ಹುಡುಗ ಎದ್ದು ಜಾಗ ಕೊಟ್ಟ. ಅವನ ಹೊಟ್ಟೆ ತಣ್ಣಗಿರಲಿ.

ಮುಂಡರಗಿ ಬಿಟ್ಟ ಮೇಲೆ ಕಪ್ಪತಗುಡ್ಡ ಕಾಣತೊಡಗುತ್ತದೆ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಎಂದು ನಮ್ಮ ಕಡೆ ಗಾದೆಯೇ ಇದೆ. ಮಳೆಯಾಗಿ ಗುಡ್ಡ ಹಸಿರಾಗಿತ್ತು. ಔಷಧದ ಗಿಡಗಳಿಗೆ ಹೆಸರಾದ ಗುಡ್ಡ ಇದು. ಗಣಿಗಾರಿಕೆಯ ಭಯ ಬಂದಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ಹೋರಾಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು, ಮರುವರ್ಷ 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವೆಂದು ಘೋಷಣೆಯಾಯಿತು. ಅತ್ತೆಯವರು ಕಿಟಕಿಯಿಂದಲೇ ಗುಡ್ಡಕ್ಕೆ ಕೈಮುಗಿದರು.

ಡಂಬಳ ಈಗ ಸಾಧಾರಣ ಊರು. ಒಂದು ಕಾಲಕ್ಕೆ ಧರ್ಮವೊಳಲು ಎಂಬ ಪಟ್ಟಣವಾಗಿತ್ತಂತೆ. ಇಲ್ಲಿಯ 1095ರ ಶಾಸನದಲ್ಲಿ ಈ ಊರಿನ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ, ತಾರಾದೇವಿಯ ಸುದ್ದಿ ಬರುತ್ತದೆ. ಬಸವಣ್ಣನವರು ಹುಟ್ಟುವ ಮೊದಲಿನ ಮಾತು ಅದು. ನಮ್ಮ ಜೋಳದ ಹೊಲಗಳ ನಡುವೆ ಬುದ್ಧನ ಗುಡಿ ಇತ್ತೆಂದು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಮಂದಿಯ ಭಯ ಕಳೆಯುವ ತಾಯಿ ಎಂದು ತಾರಾದೇವಿಯನ್ನು ಆ ಶಾಸನದಲ್ಲಿ ಹೊಗಳಿದ್ದಾರೆ. ಬೆಂಕಿಯ ಭಯ, ಹಾವಿನ ಭಯ, ಕಳ್ಳರ ಭಯ, ನೀರಿನ ಭಯ ಕೂಡ.

ಮೊದಲು ದೊಡ್ಡಬಸಪ್ಪನ ಗುಡಿಗೆ ಹೋದೆವು. ಕಲ್ಯಾಣ ಚಾಲುಕ್ಯರ ಕಾಲದ್ದು. ಗುಡಿಯ ಗೋಡೆ ಚೌಕವಾಗಿರದೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿದೆ. ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರವೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ನಾನು ಸುತ್ತು ಬರುತ್ತ ಎಣಿಸಲು ಹೋಗಿ ಎರಡು ಸಲ ತಪ್ಪಿದೆ. ಒಳಗಿನ ಬಸವಣ್ಣ ಹೆಸರಿಗೆ ತಕ್ಕಂತೆ ದೊಡ್ಡವನೇ. ಶ್ರಾವಣವಾದ್ದರಿಂದ ಮಂದಿ ಬಹಳವಿತ್ತು. ಪಾಳಿಯಲ್ಲಿ ನಮ್ಮ ಹಿಂದಿದ್ದ ಹೆಂಗಸೊಬ್ಬಳು ಮಗಳ ಕೈ ನೋಡಿ ತುಸು ಹಿಂದೆ ಸರಿದಳು. ನಾನು ಸೆರಗು ಮುಂದೆ ಮಾಡಿ ಆ ಕೈ ಮುಚ್ಚಲು ಹೋದೆ. "ಬ್ಯಾಡ ಬಿಡವಾ" ಅಂದಳು ಮಗಳು. ಜೋರಾಗಿ ಏನೂ ಅಲ್ಲ. ಆದರೆ ಬೊಕ್ಕೆ ಎದ್ದ ದಿನಕ್ಕಿಂತ ಹೆಚ್ಚು ನೋವಾಯಿತು ನನಗೆ.

ಜಪದ ಬಾವಿಯನ್ನು ವಿಚಾರಿಸಿಕೊಂಡು ಹೋಗಬೇಕು. ಬಾವಿ ಎಂದರೆ ನೀವು ಗಡಗಡಿ, ಹಗ್ಗ, ಕೊಡ ಎಣಿಸಿಕೊಳ್ಳಬೇಡಿರಿ. ಇದು ನೆಲವನ್ನು ಚೌಕವಾಗಿ ತೋಡಿ, ಕಲ್ಲು ಕಟ್ಟಿ, ಮೆಟ್ಟಿಲು ಇಳಿಸಿದ ಬಾವಿ. ಸುತ್ತಲಿನ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳಂಥ ಗೂಡುಗಳು. ಒಂದೊಂದರಲ್ಲಿ ಒಬ್ಬೊಬ್ಬರು ಕೂತು ಜಪ ಮಾಡುತ್ತಿದ್ದರಂತೆ, ಅದಕ್ಕೇ ಜಪದ ಬಾವಿ. ಮೇಲೆ ನಿಂತಾಗ ಬಿಸಿಲು, ಗಾಡಿಗಳ ಸದ್ದು. ಹತ್ತು ಮೆಟ್ಟಿಲು ಇಳಿಯುವುದರೊಳಗೆ ಸದ್ದು ಅಡಗಿತು, ಮೈಗೆ ತಂಪು ಹತ್ತಿತು. ಕಲ್ಲಿನ ಸಂದಿನಲ್ಲಿ ಹುಲ್ಲು ಬೆಳೆದಿತ್ತು. ನೀರು ಹಸಿರಾಗಿತ್ತು. ಒಂದೆರಡು ಪ್ಲಾಸ್ಟಿಕ್ ಚೀಲಗಳೂ ತೇಲುತ್ತಿದ್ದವು. ನಾವು ಹೆಂಗಸರೇ ಹರಕೆಯ ಕುಂಕುಮ ಕಟ್ಟಿಕೊಂಡು ಬಂದು ಚೀಲವನ್ನು ಅಲ್ಲೇ ಬಿಟ್ಟು ಹೋಗುತ್ತೇವೆ, ಬೇರೆ ಯಾರೂ ಅಲ್ಲ.

ನಮ್ಮ ಗದಗ ಜಿಲ್ಲೆ ಇಂಥ ಬಾವಿಗಳಿಗೆ ತವರು. ಸೂಡಿಯಲ್ಲಿ ನಾಗಕುಂಡ ಇದೆ. ಲಕ್ಷ್ಮೇಶ್ವರದ ಸೋಮೇಶ್ವರನ ಪೌಳಿಯೊಳಗೊಂದು ಇದೆ. ಗದಗಿನಿಂದ ಹನ್ನೊಂದು-ಹನ್ನೆರಡು ಕಿಲೋಮೀಟರಿನ ಲಕ್ಕುಂಡಿಯಲ್ಲಂತೂ ನೂರೊಂದು ಗುಡಿ, ನೂರೊಂದು ಬಾವಿ ಇದ್ದವೆಂದು ಹೇಳಿಕೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರು ಅದು. ಸ್ವಸಹಾಯ ಸಂಘದವರ ಸಂಗಡ ಒಮ್ಮೆ ಹೋಗಿದ್ದೆ. ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡ ಮುಸುಕಿನ ಬಾವಿಯನ್ನು ನೋಡಿ ನಮ್ಮ ಸಂಘದ ಹೆಂಗಸರೆಲ್ಲ ಸುಮ್ಮನಾಗಿಬಿಟ್ಟರು. ನಾವು ಹದಿನೆಂಟು ಮಂದಿ ಕೂಡಿದಲ್ಲಿ ಅದು ಆಗದ ಮಾತು! ನೀರಿಗೆ ಇಳಿಯುವ ದಾರಿಯನ್ನು ದೇವರ ಗುಡಿಗಿಂತ ಒಂದು ಕೈ ಹೆಚ್ಚಾಗಿಯೇ ಸಿಂಗರಿಸಿದ್ದಾರೆ. ಹೋಗುವುದಾದರೆ ಲಕ್ಕುಂಡಿಗೆ ಇಡೀ ದಿನ ಇಟ್ಟುಕೊಳ್ಳಿರಿ. ಹೊತ್ತು ಏರುವ ಮೊದಲೇ ಹೋಗಿರಿ. ಮೆಟ್ಟಿಲು ಎತ್ತರ, ಮೊಣಕಾಲು ನೋವಿನವರು ಮೇಲೆಯೇ ನಿಂತು ನೋಡುವುದು ಲೇಸು.

ಮೊಣಕಾಲು ನೋವಿನ ನಮ್ಮ ಅತ್ತೆಯವರು ಮೇಲೆ ನಿಲ್ಲಲಿಲ್ಲ. ಕೂತು ಕೂತು, ಒಂದೊಂದೇ ಮೆಟ್ಟಿಲು ಜರುಗುತ್ತ ಇಳಿದರು. ನೀರಿಗಿಂತ ನಾಲ್ಕು ಮೆಟ್ಟಿಲು ಮೇಲೆ ಜಾಗ ಮಾಡಿಕೊಂಡೆವು. ಐದು ಹಳ್ಳು ತೊಳೆದು ಸಾಲಾಗಿ ಇಟ್ಟು, ಅರಿಷಿಣ-ಕುಂಕುಮ ಹಚ್ಚಿ, ಹೂ ಏರಿಸಿ, ಗಂಗವ್ವನಿಗೆ ಉಡಿ ತುಂಬಿದೆವು. ಅಕ್ಕಿ, ಕುಬಸದ ಕಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು. ದೀಪ ಹಚ್ಚಿದೆವು. ಅತ್ತೆಯವರು ನೀರನ್ನು ನೋಡುತ್ತ ಕೂತರು. ಆಮೇಲೆ ಎಡಗಾಲನ್ನು ಮುಂದೆ ಚಾಚಿ, ಸೀರೆ ತುಸು ಮೇಲೆ ಸರಿಸಿ, ಮೊಮ್ಮಗಳಿಗೆ ತೋರಿಸಿದರು.

ಆ ಕಲೆಯನ್ನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಹರಡಿನ ಮೇಲೆ ಹುಣಸೆಬೀಜದಷ್ಟು ಕುಳಿ, ಸುತ್ತ ಚರ್ಮ ಸುಕ್ಕು. ನಾರು ಎದ್ದದ್ದು ಎಂದಷ್ಟೇ ಗೊತ್ತಿತ್ತು. ಅವರು ಪೂರಾ ಹೇಳಿದ್ದು ಅಂದೇ.

"ನನಗ ಹತ್ತು ವರ್ಷ ಇರಬೇಕು. ಬ್ಯಾಸಗಿ. ಕಾಲಿಗೆ ಬೊಕ್ಕಿ ಎದ್ದು ಉರೀ ಉರೀ. ಅದು ಒಡದು ಬಿಳೇ ನೂಲಿನಂಥಾ ಹುಳ ತಲಿ ಹಾಕ್ತು. ನಮ್ಮಪ್ಪ ಕಡ್ಡಿಗೆ ಸುತ್ತಿ ಕಟ್ಟಿದ. ದಿನಕ್ಕ ಎರಡು ಬೆರಳು, ಮೂರು ಬೆರಳು ಸುತ್ತೂದು. ಜಗ್ಗಿದ್ರ ಹರೀತೈತಿ, ಹರಿದ್ರ ಕಾಲ ಕೀವಾಕ್ಕೈತಿ. ಒಂದು ತಿಂಗಳ ಸುತ್ತಿದ್ರು ನೋಡವಾ. ಆ ಉರಿ ತಡೀಲಾರದ ನಾ ಅಳತಿದ್ದೆ. ನಮ್ಮವ್ವ ನಮ್ಮೂರ ಬಾವಿಗೆ ಕರಕೊಂಡು ಹೋಗಿ, ಮೆಟ್ಟಲ ಮ್ಯಾಲ ಕುಂದ್ರಿಸಿ, ನೀರಾಗ ಕಾಲ ಇಳಿಬಿಡು ಅಂತಿದ್ಲು. ಕಾಲ ಇಟ್ಟ ಕೂಡ್ಲೇ ಉರಿ ಹೋಗಿಬಿಡ್ತಿತ್ತು. ಗಂಗವ್ವ ಕೈಯಾಡಿಸಿದಂಗ. ಆಮ್ಯಾಲೆ ಇಲ್ಲಿಗೆ ಬಂದು ಐದು ಸೋಮವಾರ ಮುಗಿಸಿದ್ವಿ. ಆರಾಮ ಆತು."

ನಮ್ಮ ಮಗಳು ಕಾಲಿನ ಕುಳಿಯನ್ನು ಬೆರಳಿನಿಂದ ಸವರುತ್ತ ಕೇಳಿದಳು: "ಆಯಿ, ನಿಮ್ಮೂರಾಗ ಕುಡಿಯೂ ನೀರೂ ಅದ ಬಾವೀದ ಏನು?"

"ಮತ್ತ? ಊರಿಗೆಲ್ಲ ಅದೊಂದ ಬಾವಿ. ಇಳದು ಕೊಡ ಮುಳುಗಿಸಿ ತರೂದು."

"ಮತ್ಯಾರಿಗರ ನಾರ ಎದ್ದಿತ್ತೇನು?"

"ಊರ ತುಂಬ ಇತ್ತು. ನಮ್ಮ ಮನ್ಯಾಗ ಮರುವರ್ಷ ನಮ್ಮ ತಮ್ಮಗ ಎದ್ದಿತು. ಮೊಣಕಾಲಿಗೆ. ಅವನ ಕಾಲ ಮಡಚಾಕ ಬರಲಿಲ್ಲ ಕಡೀತನಕ."

ಆ ಸೋದರಮಾವನವರನ್ನು ನಾನು ಬಲ್ಲೆ. ಕುಂಟುತ್ತ ಬಂದು, ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಅಕ್ಕನ ಕೈಯ ಚಹಾ ಕುಡಿದು ಹೋಗುತ್ತಿದ್ದರು. ತೀರಿಕೊಂಡು ಎಂಟು ವರ್ಷವಾಯಿತು.

ಮಗಳ ಮುಖ ನೋಡಿದೆ. ಅವಳು ಏನು ಹೇಳಲಿದ್ದಾಳೆಂದು ನನಗೆ ಗೊತ್ತಾಗಿಬಿಟ್ಟಿತು. ನಾನು ಹೈಸ್ಕೂಲು ಓದುವಾಗ ಆರೋಗ್ಯ ಇಲಾಖೆಯವರು ನಾರುಹುಣ್ಣಿನ ಚಿತ್ರದ ಹಾಳೆ ತಂದು ಗೋಡೆಗೆ ಹಚ್ಚಿ ಪಾಠ ಹೇಳಿದ್ದರು. ಅವಳು ತನ್ನ ಪುಸ್ತಕದಲ್ಲಿ ಓದಿದ್ದಾಳೆ. ಆ ಹುಳಕ್ಕೆ ಬೇಕಾದದ್ದೇ ನೀರು. ಕಾಲನ್ನು ಉರಿಸುವುದು ಅದರ ಉಪಾಯ. ಉರಿ ತಾಳಲಾರದೆ ಮನುಷ್ಯ ನೀರಿಗೆ ಕಾಲಿಟ್ಟ ಕೂಡಲೇ ಅದು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಕಣ್ಣಿಗೆ ಕಂಡೂ ಕಾಣದಂಥ ನೀರಹುಳಗಳು ಅವನ್ನು ನುಂಗುತ್ತವೆ. ಆ ನೀರನ್ನು ಸೋಸದೆ ಕುಡಿದವರ ಹೊಟ್ಟೆಯಿಂದ ಮೈಯೊಳಗೆ ಸೇರಿ, ಮೊಳದುದ್ದ ಎರಡು ಮೊಳದುದ್ದ ಬೆಳೆದು, ಸುಮಾರು ಒಂದು ವರ್ಷಕ್ಕೆ ಹೊರಬೀಳುತ್ತದೆ. ಒಂದು ವರ್ಷ!

ಕಣ್ಣಿನಿಂದಲೇ ಬೇಡವೆಂದೆ. ಆದರೆ ಅವಳು ಹೇಳಿಯೇಬಿಟ್ಟಳು. ಕೆಟ್ಟ ಬುದ್ಧಿಯಿಂದಲ್ಲ. ಓದಿದ್ದು ಕಣ್ಣ ಮುಂದೆ ಸಿಕ್ಕಿತೆಂಬ ಆತುರ, ಅಷ್ಟೇ. ಹೇಳಿ ಮುಗಿಸುವಾಗ ತಾನೇನು ಹೇಳಿದೆನೆಂದು ಅವಳಿಗೇ ಅರಿವಾಗಿ ದನಿ ಸಣ್ಣದಾಯಿತು.

ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಂಗಾರ ನನ್ನ ಕಾಲಿಂದನ ಅವನ ಕಾಲ ಹೋತೇನು?"

"ಇಲ್ರೀ ಅತ್ತಿ," ಎಂದೆ. "ಊರ ತುಂಬ ಇತ್ತಂತೀರಿ. ಎಷ್ಟ ಮಂದಿ ಕಾಲ ಇಟ್ಟಿರಬೇಕು. ಯಾರಿಂದ ಯಾರಿಗೆ ಬಂತು ಅಂತ ದೇವರಿಗೂ ಗೊತ್ತಾಗಂಗಿಲ್ಲ." ಸುಳ್ಳು ಹೇಳಲಿಲ್ಲ ನಾನು, ಇದೂ ಖರೆಯೇ. ಆದರೂ ಸಮಾಧಾನದ ಮಾತೆಂದು ಅವರಿಗೆ ತಿಳಿಯಿತು.

"ನಮ್ಮವ್ವಗ ಗೊತ್ತಿದ್ರ ಇಡಸ್ತಿದ್ದಿಲ್ಲ," ಅಂದರು. ಮತ್ತೆ ತುಸು ಹೊತ್ತು ಬಿಟ್ಟು, "ತಂಪ ಆಗೂದು ಮಾತ್ರ ಖರೇ ಇತ್ತವಾ" ಅಂದರು.

ಓದುವ ಸೋದರಿಯರಿಗೆ ಒಂದು ಮಾತು. ಈ ರೋಗ ಈಗ ನಮ್ಮ ದೇಶದಲ್ಲಿಲ್ಲ. ಇದಕ್ಕೆ ಲಸಿಕೆಯೂ ಇರಲಿಲ್ಲ, ಗುಳಿಗೆಯೂ ಇರಲಿಲ್ಲ. ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯುವುದು, ನಾರು ಎದ್ದವರನ್ನು ನೀರಿಗೆ ಇಳಿಯಗೊಡದಿರುವುದು, ಮೆಟ್ಟಿಲ ಬಾವಿಗಳನ್ನು ಕಟ್ಟೆ ಕಟ್ಟಿ ಸೇದುವ ಬಾವಿ ಮಾಡುವುದು, ನೀರಹುಳಕ್ಕೆ ಔಷಧ ಹಾಕುವುದು, ಬೋರು ಕೊರೆಯುವುದು, ಇಷ್ಟರಿಂದಲೇ ಹೋಯಿತು. ಸರ್ಕಾರದ ಕಾರ್ಯಕ್ರಮ 1983-84ರಲ್ಲಿ ಸುರುವಾಯಿತು. ರೋಗವಿದ್ದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ದೇಶದ ಕಡೆಯ ರೋಗಿ ರಾಜಸ್ಥಾನದಲ್ಲಿ 1996ರ ಜುಲೈನಲ್ಲಿ ಕಂಡದ್ದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ರೋಗಮುಕ್ತವೆಂದು ಪ್ರಮಾಣಪತ್ರ ಕೊಟ್ಟಿತು. ಅತ್ತೆಯವರ ತವರಿನ ಬಾವಿಯನ್ನೂ ಎಂದೋ ಮುಚ್ಚಿ ಬೋರು ಹಾಕಿದರಂತೆ. ಬೋರು ಆಳಕ್ಕೆ ಹೋದಂತೆ ಇನ್ನೊಂದು ಕಾಟ ಬಂತು. ಮುಂಡರಗಿ ತಾಲೂಕಿನ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಲು ಬಾರದು. ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತವೆ, ಬಹಳ ವರ್ಷ ಕುಡಿದವರ ಎಲುಬು ಬಿಗಿಯುತ್ತವೆ. ಕುದಿಸಿದರೆ ಇದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯೇ ಆಗುತ್ತದೆ. ಅರಿವೆಯಲ್ಲಿ ಸೋಸಿದರೂ ಹೋಗುವುದಿಲ್ಲ. ನಿಮ್ಮೂರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿರಿ.

ಹಾಗಾದರೆ ಬಾವಿಯಿಂದ ಗುಣವಾಯಿತೆಂದು ಹೇಳುವವರೆಲ್ಲ ಸುಳ್ಳುಗಾರರೇ? ನಾನು ಹಾಗೆನ್ನಲಾರೆ. ನರಹುಲಿ ಎಷ್ಟೋ ಸಲ ತಾನಾಗಿಯೇ ಉದುರಿಹೋಗುತ್ತದೆ. ಸರ್ಪಸುತ್ತಿನ ಗುಳ್ಳೆ ಹೆಚ್ಚಾಗಿ ಎರಡು ವಾರದಿಂದ ನಾಲ್ಕು ವಾರದೊಳಗೆ ಒಣಗುತ್ತವೆ. ಐದು ಸೋಮವಾರವೆಂದರೆ ಒಂದು ತಿಂಗಳಾಯಿತಲ್ಲ! ಹಿರಿಯರು ಈ ಲೆಕ್ಕ ತಿಳಿದೇ ಐದು ಎಂದಿಟ್ಟರೋ ಏನೋ. (ಸರ್ಪಸುತ್ತು ಕಣ್ಣಿನ ಹತ್ತಿರ ಎದ್ದರೆ ಮಾತ್ರ ಹರಕೆಗೆ ಕಾಯದೆ ಅಂದೇ ದವಾಖಾನೆಗೆ ಹೋಗಬೇಕು, ಕಣ್ಣು ಕೆಟ್ಟೀತು.) ಇನ್ನೊಂದೂ ಇದೆ. ಬ್ಯಾನಿ ಬಂದ ಹುಡುಗಿಯನ್ನು ಮನೆಯ ಹೆಂಗಸರೆಲ್ಲ ಕೂಡಿ, ಬುತ್ತಿ ಕಟ್ಟಿಕೊಂಡು, ಐದು ಸಲ ಹೊರಗೆ ಕರೆದೊಯ್ಯುತ್ತಿದ್ದರು. ನಾನು ನನ್ನ ಮಗಳನ್ನು ಎರಡು ವರ್ಷದಿಂದ ಮದುವೆ-ಮುಂಜಿವಿಗೆ ಕರೆದೊಯ್ಯುವುದನ್ನೇ ಬಿಟ್ಟಿದ್ದೆ.

ಬಾವಿಯ ಮಾತಿಗೆ ಬರುತ್ತೇನೆ. ಅತ್ತೆಯವರು ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದು ಬತ್ತಿ ಐತೇನ ತಂಗಿ?" ಅಂದರು. ಇತ್ತು. ಹಣತೆ ಮಾತ್ರ ಒಂದೇ ತಂದಿದ್ದೆ. ಅದರ ಎಣ್ಣೆಯೊಳಗೇ ಎರಡನೇ ಬತ್ತಿಯನ್ನೂ ಇಟ್ಟು ಹಚ್ಚಿದರು. ಯಾರಿಗೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನು ಕೈ ತೊಳೆಯುವುದಷ್ಟೇ ಉಳಿದಿತ್ತು. ಮಗಳು ಎದ್ದು ನೀರಿನತ್ತ ಮೆಟ್ಟಿಲು ಇಳಿಯಹೋದಳು. "ಇಳೀಬ್ಯಾಡ!" ಎಂದು ಅತ್ತೆಯವರು ಕೂಗಿದ್ದಕ್ಕೆ ಗೂಡಿನೊಳಗಿನ ಪಾರಿವಾಳ ಹಾರಿಹೋದವು. "ಯಾರೂ ನೀರಾಗ ಕಾಲ ಇಡಬಾರದು. ತಂಬಿಗಿ ತುಂಬಿಕೊಡು ಇಲ್ಲೆ."

ನಾನು ಕಡೆಯ ಒಣ ಮೆಟ್ಟಿಲಿನ ಮೇಲೆ ಕೂತು, ಬಾಗಿ, ತಂಬಿಗೆ ತುಂಬಿ ಕೊಟ್ಟೆ. ಅದನ್ನೂ ಅಲ್ಲಿ ತೊಳೆಸಲಿಲ್ಲ ಅವರು. ಮತ್ತೆ ಕೂತು ಕೂತು ಅಷ್ಟೂ ಮೆಟ್ಟಿಲು ಹತ್ತಿ ಮೇಲೆ ಬಂದರು. ಅರ್ಧ ತಾಸು ಹಿಡಿಯಿತು. ಮೇಲೆ ಒಂದು ಬೇವಿನ ಗಿಡದ ಬುಡದಲ್ಲಿ ಮೊಮ್ಮಗಳನ್ನು ನಿಲ್ಲಿಸಿ, ಉಪ್ಪು-ಬೆಲ್ಲವನ್ನು ತಂಬಿಗೆಯಲ್ಲೇ ಕರಗಿಸಿ, ಒಂದೊಂದೇ ಬೆರಳು ಹಿಡಿದು ತೊಳೆದರು. ತೊಳೆದ ನೀರು ಬೇವಿನ ಬೇರಿಗೆ ಇಂಗಿತು. ಬಾವಿಯತ್ತ ಒಂದು ಹನಿ ಹರಿಯಗೊಡಲಿಲ್ಲ. ಹಸಿರು ನೀರಲ್ಲವೇ ಎಂದು ನನಗೆ ಒಳಗೊಳಗೇ ಕಸಿವಿಸಿಯಾಗಿ, ಮನೆಯಿಂದ ತಂದ ಬಾಟಲಿಯ ನೀರು ಹಾಕಿ ಇನ್ನೊಮ್ಮೆ ತೊಳೆಸಿದೆ. ಅತ್ತೆಯವರು ಬೇಡವೆನ್ನಲಿಲ್ಲ. ಮಗಳು ಚೀಲದಿಂದ ಮುಲಾಮು ತೆಗೆದು ಅಜ್ಜಿಯ ಕೈಗೇ ಕೊಟ್ಟಳು. "ನೀನ ಹಚ್ಚು ಆಯಿ."

ತುಟಿಯ ಮಗ್ಗಲಿನ ಕಲೆಯ ನಡುವೆ ಎಳ್ಳಿನಂಥ ಎರಡು ಕಂದು ಚುಕ್ಕೆ ಎದ್ದಿದ್ದನ್ನು ನಾನು ಆ ಹೊತ್ತಿಗೇ ನೋಡಿದ್ದು. ಅತ್ತೆಯವರಿಗೆ ತೋರಿಸಿದೆ. "ಅದು ಬಂದು ಹದಿನೈದು ದಿನ ಆತವಾ," ಅಂದಳು ಮಗಳು. "ನಿನಗ ಈಗ ಕಂಡೈತಿ."

ಬುತ್ತಿ ಬಿಚ್ಚಿ ಅಲ್ಲೇ ಉಂಡೆವು. ಹಸಿವೆಗೋ ಏನೋ, ಬದನೆಕಾಯಿ ಅಂದು ಬಹಳ ರುಚಿಯಾಗಿತ್ತು. ಕೆಳಗೆ ಇಳಿದು ಆ ಪ್ಲಾಸ್ಟಿಕ್ ಚೀಲಗಳನ್ನು ಮಗಳು ಒಂದು ಉದ್ದ ಕಟ್ಟಿಗೆಯಿಂದ ಎಳೆದು ತೆಗೆದಳು. ಊರಿನ ಎರಡು ಹುಡುಗರು ಬಂದು ಕೈಗೂಡಿಸಿದರು. ಅವರಲ್ಲಿ ಸಣ್ಣವನು ಅವಳ ಕೈ ನೋಡಿ, "ಅಕ್ಕಾ, ಇದೇನು?" ಎಂದು ಕೇಳಿದ. "ಬಣ್ಣ ಹೋಗೇತಿ, ತರಾಕ ಹೊಂಟೀನಿ" ಅಂದಳು. ಅವನಿಗೆ ಅಷ್ಟು ಸಾಕಾಯಿತು.

ಸಂಜೆ ಬಸ್ಸಿನಲ್ಲಿ ಅತ್ತೆಯವರು ಮೊಮ್ಮಗಳ ಹೆಗಲಿಗೆ ತಲೆಯಿಟ್ಟು ಮಲಗಿದರು. ಮುಂಡರಗಿ ಬಂದಾಗ ಎದ್ದು, ಬೆಳಕಿನ ಉಪಚಾರಕ್ಕೆ ಡಾಕ್ಟರಬಾಯಿ ಮುಂದಿನ ಸಲ ಎಂದು ಬರಹೇಳಿದ್ದಾರೆಂದು ಕೇಳಿದರು. ಮುಂದಿನ ಸೋಮವಾರವೇ, ಹತ್ತೂವರೆಗೆ. ಗದಗಿನ ಬಸ್ಸಿಗೆ ಡಂಬಳ ದಾರಿಯಲ್ಲೇ ಇದೆ. ಬರುವಾಗ ಇಳಿದರಾಯಿತು ಎಂದು ತೀರ್ಮಾನವಾಯಿತು. ಈ ಸಲ ಹಣತೆ ಎರಡು ಒಯ್ಯಬೇಕಂತೆ. ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಆಗಲೇ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.